ಹಳೆಯ ಲಿನಕ್ಸ್ ಸರ್ವರ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಅಪ್‌ಗ್ರೇಡ್: ಹೊರಗೆ ನಿಂತು ಬಾಗಿಲು ಬಡಿಯುವ ಗತಿ ಬಾರದ ಹಾಗೆ

"ಆಡಿಟ್‌ನವರು ರಿಪೋರ್ಟ್ ಕೊಟ್ಟಿದ್ದಾರೆ. ಓಪನ್‌ಎಸ್‌ಎಸ್‌ಎಲ್ 1.0.2ಕೆ ತುಂಬಾ ಹಳೆಯದಂತೆ, ಕೂಡಲೇ ಬದಲಿಸಿ ಅಂತ ಕೆಂಪಕ್ಷರದಲ್ಲಿ ಬರೆದಿದ್ದಾರೆ. ಸರ್ವರ್ ಸೆಂಟ್‌ಒಎಸ್ 7. ಏನು ಮಾಡಲಿ?"

ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಒಬ್ಬರದು ಸೆಂಟ್‌ಒಎಸ್, ಇನ್ನೊಬ್ಬರದು ಉಬುಂಟು 18.04, ಎರಡೂ ಲಿನಕ್ಸ್‌ನ ಬಗೆಗಳೇ. ಗಾಬರಿ ಮಾತ್ರ ಎಲ್ಲರದೂ ಒಂದೇ. ಪ್ರತಿ ಸಲ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಕಮಾಂಡುಗಳನ್ನು ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು. ಸುಮ್ನೆ ಕಾಪಿ ಮಾಡಿ ಅಂಟಿಸಿದರೆ ಕೆಲಸ ಮಾಡುವುದಿಲ್ಲ. ಅದೂ ಒಳ್ಳೆಯದೇ, ಒತ್ತುವಾಗ ಒಂದು ಸಲ ಓದಿದ ಹಾಗಾಗುತ್ತದೆ.

ಇಷ್ಟು ಹುಷಾರು ಯಾಕೆ?

ಲೈಬ್ರರಿ ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡು. ಓಪನ್‌ಎಸ್‌ಎಸ್‌ಎಲ್ ಅಂಥದ್ದೊಂದು ಲೈಬ್ರರಿ. ಮಾಹಿತಿಯನ್ನು ಗುಟ್ಟಾಗಿ ಕಳಿಸುವುದು, ಎದುರಿನ ಸರ್ವರ್ ಅಸಲಿಯೇ ಎಂದು ನೋಡುವುದು ಅದರ ಕೆಲಸ. ಅದರಲ್ಲಿ ಮುಖ್ಯವಾಗಿ ಎರಡು ಫೈಲು: ಲಿಬ್‌ಎಸ್‌ಎಸ್‌ಎಲ್ ಮತ್ತು ಲಿಬ್‌ಕ್ರಿಪ್ಟೊ. ಅಪಾಚೆ, ಎಂಜಿನ್‌ಎಕ್ಸ್, ಪೋಸ್ಟ್‌ಫಿಕ್ಸ್, ಪೈಥಾನ್, ಕೊನೆಗೆ ನೀವು ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೂಡ ಇವನ್ನೇ ನಂಬಿಕೊಂಡಿವೆ. ಊರಿಗೊಂದೇ ಬಾವಿ ಇದ್ದ ಹಾಗೆ. ಹೂಳೆತ್ತಲೇಬೇಕು, ಆದರೆ ಹೂಳೆತ್ತುವ ಭರದಲ್ಲಿ ಊರಿಗೇ ನೀರಿಲ್ಲದಂತಾಗಬಾರದು.

ನಾನೂ ಒಮ್ಮೆ ಜಾಣತನ ತೋರಿಸಲು ಹೋಗಿ, ಸೋರ್ಸ್ ಕೋಡಿನಿಂದ ಕಟ್ಟಿದ ಹೊಸ ಲೈಬ್ರರಿಯನ್ನು ಹಳೆಯದರ ಮೇಲೆಯೇ ಹಾಕಿದ್ದೆ. ಆಮೇಲೆ ಎಸ್‌ಎಸ್‌ಎಚ್ ಬಾಗಿಲು ತೆರೆಯಲಿಲ್ಲ. ಒಂದು ಭಾನುವಾರ ಪೂರ್ತಿ ಹೋಯಿತು.

ಶುರು ಮಾಡುವ ಮೊದಲು ಇವಿಷ್ಟು ಕೈಯಲ್ಲಿರಲಿ: ರೂಟ್ ಅಥವಾ ಸುಡೊ ಅಧಿಕಾರ (ಸರ್ವರ್‌ನಲ್ಲಿ ಏನನ್ನು ಬೇಕಾದರೂ ಬದಲಿಸುವ ಅಧಿಕಾರ), ಸರ್ವರ್‌ನ ಕನ್ಸೋಲ್, ಸರ್ವರ್ ನಿಂತರೂ ಯಾರೂ ಬೈಯದ ಒಂದು ಗಂಟೆ ಸಮಯ. ಕನ್ಸೋಲ್ ಅಂದರೆ ನೆಟ್‌ವರ್ಕ್ ಇಲ್ಲದಿದ್ದರೂ ಒಳಗೆ ಹೋಗುವ ದಾರಿ. ಕ್ಲೌಡ್ ಆದರೆ ಅವರ ವೆಬ್ ಪ್ಯಾನೆಲ್‌ನಲ್ಲಿರುತ್ತದೆ. ಆಫೀಸಿನ ಮೂಲೆಯಲ್ಲಿರುವ ಡಬ್ಬವಾದರೆ ಮಾನಿಟರ್ ಮತ್ತು ಕೀಬೋರ್ಡ್. ಕನ್ಸೋಲ್ ದಾರಿ ಇಲ್ಲ ಅನ್ನುವುದಾದರೆ ಇವತ್ತು ಈ ಕೆಲಸಕ್ಕೆ ಕೈ ಹಾಕಬೇಡಿ.

ಹಂತ 1: ಈಗ ಏನಿದೆ ನೋಡಿ

ಮೊದಲು ಯಾವ ಲಿನಕ್ಸ್ ಅಂತ ತಿಳಿಯಲು:

ಕ್ಯಾಟ್ /ಇಟಿಸಿ/ಒಎಸ್-ರಿಲೀಸ್

ಸೆಂಟ್‌ಒಎಸ್ 6ರಲ್ಲಿ ಈ ಫೈಲ್ ಇರುವುದಿಲ್ಲ, ಅಲ್ಲಿ /ಇಟಿಸಿ/ರೆಡ್‌ಹ್ಯಾಟ್-ರಿಲೀಸ್ ನೋಡಿ. ನಂತರ ಪ್ಯಾಕೇಜಿನ, ಅಂದರೆ ಇನ್‌ಸ್ಟಾಲ್ ಮಾಡಲು ಕಟ್ಟಿಟ್ಟ ಸಾಫ್ಟ್‌ವೇರಿನ, ಪೂರ್ತಿ ಹೆಸರು. ಸೆಂಟ್‌ಒಎಸ್ ಮತ್ತು ರೆಡ್‌ಹ್ಯಾಟ್‌ನಲ್ಲಿ:

ಆರ್‌ಪಿಎಂ -ಕ್ಯೂ ಓಪನ್‌ಎಸ್‌ಎಸ್‌ಎಲ್ ಓಪನ್‌ಎಸ್‌ಎಸ್‌ಎಲ್-ಲಿಬ್ಸ್

ಉಬುಂಟು ಮತ್ತು ಡೆಬಿಯನ್‌ನಲ್ಲಿ:

ಡಿಪಿಕೆಜಿ -ಎಲ್ | ಗ್ರೆಪ್ ಲಿಬ್‌ಎಸ್‌ಎಸ್‌ಎಲ್

ಬರೀ "ಓಪನ್‌ಎಸ್‌ಎಸ್‌ಎಲ್ ವರ್ಷನ್" ಅಂತ ಒತ್ತಿ ನಿಲ್ಲಿಸಬೇಡಿ. ಅದು ಆ ಹೆಸರಿನ ಕಮಾಂಡಿನ ಆವೃತ್ತಿ ಹೇಳುತ್ತದೆ, ಅಷ್ಟೆ. ನಿಮಗಿಂತ ಮುಂಚೆ ಸರ್ವರ್ ನೋಡಿಕೊಂಡವರು /ಯುಎಸ್‌ಆರ್/ಲೋಕಲ್ ಒಳಗೆ ಇನ್ನೊಂದು ಪ್ರತಿ ಕಟ್ಟಿಟ್ಟಿರಬಹುದು. "ವಿಚ್ -ಎ ಓಪನ್‌ಎಸ್‌ಎಸ್‌ಎಲ್" ಅಂದರೆ ಸರ್ವರ್ ಕಮಾಂಡು ಹುಡುಕುವ ಫೋಲ್ಡರುಗಳಲ್ಲಿರುವ ಪ್ರತಿಗಳೆಲ್ಲ ಕಾಣುತ್ತವೆ. ಎರಡು ಕಂಡರೆ ಯಾವುದನ್ನೂ ಅಳಿಸದೆ ಬರೆದಿಟ್ಟುಕೊಳ್ಳಿ.

ಹಂತ 2: ಸಂಖ್ಯೆ ನೋಡಿ ಹೆದರಬೇಡಿ

ಜಾಸ್ತಿ ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಓಪನ್‌ಎಸ್‌ಎಸ್‌ಎಲ್ ತಯಾರಕರು 1.0.2ಕೆ ಬಿಡುಗಡೆ ಮಾಡಿದ್ದು 2017ರ ಜನವರಿಯಲ್ಲಿ. 1.0.2 ಸರಣಿಗೆ ಅವರು ಕೊಡುತ್ತಿದ್ದ ಉಚಿತ ಬೆಂಬಲ 2019ರ ಕೊನೆಗೆ ಮುಗಿಯಿತು. ಹಾಗಾದರೆ ಸೆಂಟ್‌ಒಎಸ್ 7ರಲ್ಲಿರುವ 1.0.2ಕೆ 2017ರಲ್ಲೇ ನಿಂತುಹೋದ ಕೋಡೇ? ಅಲ್ಲ.

ರೆಡ್‌ಹ್ಯಾಟ್, ಡೆಬಿಯನ್, ಉಬುಂಟು ಇವರೆಲ್ಲ ಸಾಮಾನ್ಯವಾಗಿ ಹೊಸ ಆವೃತ್ತಿಗೆ ಜಿಗಿಯುವುದಿಲ್ಲ. ಹೊಸ ಆವೃತ್ತಿಯಲ್ಲಿ ಸರಿಪಡಿಸಿದ ದೋಷವನ್ನಷ್ಟೇ ಎತ್ತಿ ತಂದು ಹಳೆಯ ಆವೃತ್ತಿಗೆ ತೇಪೆ ಹಾಕುತ್ತಾರೆ. ಇದಕ್ಕೆ ಬ್ಯಾಕ್‌ಪೋರ್ಟ್ ಅನ್ನುತ್ತಾರೆ. ಮುಂಭಾಗದ ಸಂಖ್ಯೆ ಹಾಗೇ ಇರುತ್ತದೆ, ಬಾಲದ ಸಂಖ್ಯೆ ಬದಲಾಗುತ್ತದೆ. 2022ರ ಮಾರ್ಚ್‌ನಲ್ಲಿ ಸಿವಿಇ-2022-0778 ಎಂಬ ದೋಷ ಹೊರಬಂತು. ಬೇಕೆಂದೇ ಕೆಡಿಸಿದ ಒಂದು ಸರ್ಟಿಫಿಕೇಟ್ ಕೊಟ್ಟರೆ ಲೈಬ್ರರಿ ಕೊನೆಯಿಲ್ಲದ ಸುತ್ತಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಸೆಂಟ್‌ಒಎಸ್ 7ಕ್ಕೆ ಅದರ ಪರಿಹಾರ 1.0.2ಕೆ-25 ಎಂಬ ಪ್ಯಾಕೇಜಿನಲ್ಲಿ ಬಂತು. ಸಿವಿಇ ಅಂದರೆ ಪ್ರತಿ ಭದ್ರತಾ ದೋಷಕ್ಕೂ ಕೊಡುವ ಗುರುತಿನ ಸಂಖ್ಯೆ.

2014ರ ಏಪ್ರಿಲ್‌ನ ಹಾರ್ಟ್‌ಬ್ಲೀಡ್ ಎಂಬ ದೋಷ ನೆನಪಿದೆಯಲ್ವಾ? ಸರ್ವರ್‌ನ ಮೆಮೊರಿಯಿಂದ ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಹೊರಗಿನವರು ಓದಬಹುದಾಗಿತ್ತು. ತಯಾರಕರು ಅದನ್ನು 1.0.1ಜಿ ಆವೃತ್ತಿಯಲ್ಲಿ ಸರಿಪಡಿಸಿದರು. ಆದರೆ ಸೆಂಟ್‌ಒಎಸ್ 6 ಮತ್ತು ಡೆಬಿಯನ್ 7 ಎರಡರಲ್ಲೂ ಸರಿಪಡಿಸಿದ ಪ್ಯಾಕೇಜಿನ ಮೇಲೆ 1.0.1ಇ ಅಂತಲೇ ಇತ್ತು. ಅದನ್ನು ನೋಡಿ ಎಷ್ಟೋ ಜನ ಸರಿಯಾಗಿದ್ದ ಸರ್ವರನ್ನು ಕೆಡಿಸಿಕೊಂಡರು.

ಹಾಗಾಗಿ ರಿಪೋರ್ಟಿನಲ್ಲಿರುವ ಸಿವಿಇ ಸಂಖ್ಯೆಯನ್ನು ಪ್ಯಾಕೇಜಿನ ಬದಲಾವಣೆ ಪಟ್ಟಿಯಲ್ಲೇ ಹುಡುಕಿ:

ಆರ್‌ಪಿಎಂ -ಕ್ಯೂ --ಚೇಂಜ್‌ಲಾಗ್ ಓಪನ್‌ಎಸ್‌ಎಸ್‌ಎಲ್-ಲಿಬ್ಸ್ | ಗ್ರೆಪ್ ಸಿವಿಇ-2022-0778

ಉಬುಂಟುವಿನಲ್ಲಿ "ಆಪ್ಟ್ ಚೇಂಜ್‌ಲಾಗ್ ಲಿಬ್‌ಎಸ್‌ಎಸ್‌ಎಲ್1.1". ಸಾಲು ಸಿಕ್ಕರೆ ಆ ದೋಷ ನಿಮ್ಮಲ್ಲಿ ಈಗಾಗಲೇ ಸರಿಯಾಗಿದೆ. ಆ ಸಾಲನ್ನೇ ಆಡಿಟ್‌ನವರಿಗೆ ಕಳಿಸಿ. ಸ್ಕ್ಯಾನ್ ಮಾಡುವ ಸಾಫ್ಟ್‌ವೇರ್ ಎಷ್ಟೋ ಸಲ ಮುಂಭಾಗದ ಸಂಖ್ಯೆಯೊಂದನ್ನೇ ನೋಡಿ ಕೂಗಿಕೊಳ್ಳುತ್ತದೆ. ನನ್ನನ್ನು ಕೇಳಿದವರಲ್ಲಿ ಎಷ್ಟೋ ಜನರ ಕೆಲಸ ಈ ಹಂತಕ್ಕೇ ಮುಗಿದಿದೆ.

ಹಂತ 3: ಪ್ಯಾಚ್ ಎಲ್ಲಿಂದ ಬರುತ್ತದೆ?

ಸಾಲು ಸಿಗಲಿಲ್ಲ ಅಂದರೆ ಮುಂದಿನ ಪ್ರಶ್ನೆ, ನಿಮ್ಮ ಲಿನಕ್ಸ್‌ಗೆ ಇನ್ನೂ ಯಾರಾದರೂ ಪ್ಯಾಚ್, ಅಂದರೆ ದೋಷ ಸರಿಪಡಿಸುವ ತೇಪೆ, ಕೊಡುತ್ತಿದ್ದಾರೆಯೇ?

ಉಬುಂಟು 18.04ರ ಸಾಮಾನ್ಯ ಬೆಂಬಲ 2023ರ ಮೇ 31ಕ್ಕೆ ಮುಗಿದಿದೆ. ಆದರೆ ಉಬುಂಟು ಪ್ರೊ ಎಂಬ ಚಂದಾ ಇದೆ. ಸ್ವಂತ ಬಳಕೆಗೆ 5 ಯಂತ್ರಗಳವರೆಗೆ ಉಚಿತ. ಅದನ್ನು ಸೇರಿಸಿಕೊಂಡರೆ 2028ರವರೆಗೆ ಭದ್ರತಾ ಪ್ಯಾಚ್‌ಗಳು ಬರುತ್ತವೆ. ಖಾತೆ ತೆರೆದು, ಅಲ್ಲಿ ಸಿಗುವ ಟೋಕನ್ ಜೊತೆ "ಸುಡೊ ಪ್ರೊ ಅಟ್ಯಾಚ್" ಕೊಟ್ಟರೆ ಆಯಿತು.

ಸೆಂಟ್‌ಒಎಸ್ 7ರ ಕತೆ ಬೇರೆ. ಅದು 2024ರ ಜೂನ್ 30ಕ್ಕೆ ಮುಗಿಯಿತು. ಯಮ್ ಅಂದರೆ ಸೆಂಟ್‌ಒಎಸ್‌ನಲ್ಲಿ ಪ್ಯಾಕೇಜು ಇಳಿಸಿ ಹಾಕುವ ಸಾಧನ. ಆಮೇಲೆ "ಯಮ್ ಅಪ್‌ಡೇಟ್" ಕೊಟ್ಟವರಿಗೆ "ಕುಡ್ ನಾಟ್ ರಿಸಾಲ್ವ್ ಹೋಸ್ಟ್" ಎಂಬ ತಪ್ಪು ಬರತೊಡಗಿತು. ಡಿಎನ್‌ಎಸ್ (ತಾಣದ ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ) ಕೆಟ್ಟಿದೆ ಅಂತ ನೆಟ್‌ವರ್ಕ್ ತಡಕಾಡಬೇಡಿ. ಮಿರರ್‌ಲಿಸ್ಟ್ ಎಂಬ ವಿಳಾಸವನ್ನೇ ತೆಗೆದಿದ್ದಾರೆ. ಹಳೆಯ ಪ್ಯಾಕೇಜುಗಳೆಲ್ಲ ವಾಲ್ಟ್ ಡಾಟ್ ಸೆಂಟ್‌ಒಎಸ್ ಡಾಟ್ ಆರ್ಗ್ ಎಂಬ ಉಗ್ರಾಣಕ್ಕೆ ಹೋಗಿವೆ. /ಇಟಿಸಿ/ಯಮ್.ರೆಪೋಸ್.ಡಿ ಒಳಗಿನ ಸೆಂಟ್‌ಒಎಸ್-ಬೇಸ್ ಫೈಲಿನಲ್ಲಿ ಮಿರರ್‌ಲಿಸ್ಟ್ ಸಾಲುಗಳ ಮುಂದೆ # ಹಾಕಿ, ಬೇಸ್‌ಯುಆರ್‌ಎಲ್ ಸಾಲುಗಳ # ತೆಗೆದು, ಅಲ್ಲಿ ವಾಲ್ಟ್ ವಿಳಾಸ ಮತ್ತು 7.9.2009 ಎಂಬ ಆವೃತ್ತಿ ಬರೆಯಿರಿ. ಜಿಪಿಜಿಚೆಕ್ ಅನ್ನು 0 ಮಾಡಬೇಡಿ. ಪ್ಯಾಕೇಜು ಅಸಲಿಯೇ ಎಂದು ಸಹಿ ನೋಡಿ ಹೇಳುವುದು ಅದೇ.

ವಾಲ್ಟ್‌ನಲ್ಲಿರುವುದು 2024ರ ಜೂನ್‌ವರೆಗಿನ ಪ್ಯಾಚ್‌ಗಳು ಮಾತ್ರ. ಮೂರು ವರ್ಷದಿಂದ ಮುಟ್ಟದ ಸರ್ವರ್‌ಗೆ ಅಷ್ಟಾದರೂ ದೊಡ್ಡ ಲಾಭವೇ. ಅದಕ್ಕಿಂತ ಹೊಸ ದೋಷಗಳಿಗೆ ಅಲ್ಲಿ ಮದ್ದಿಲ್ಲ. ಹಾಗಾಗಿ ಈ ಅಪ್‌ಗ್ರೇಡನ್ನು ಮನೆ ಬದಲಿಸುವವರೆಗಿನ ವ್ಯವಸ್ಥೆ ಅಂತ ತಿಳಿಯಿರಿ. ಆಲ್ಮಾಲಿನಕ್ಸ್ 8 ಅಥವಾ ರಾಕಿ ಲಿನಕ್ಸ್ 8ಕ್ಕೆ ಹೋದರೆ 2029ರವರೆಗೆ ಪ್ಯಾಚ್ ಸಿಗುತ್ತದೆ. ಅಲ್ಲಿಯೂ ಓಪನ್‌ಎಸ್‌ಎಸ್‌ಎಲ್ 1.1.1ಕೆ ಅಂತಲೇ ಕಾಣುತ್ತದೆ, 1.1.1 ಸರಣಿಗೆ ತಯಾರಕರ ಉಚಿತ ಬೆಂಬಲ 2023ರ ಸೆಪ್ಟೆಂಬರ್‌ನಲ್ಲೇ ಮುಗಿದಿದ್ದರೂ. ಮತ್ತೆ ಅದೇ ಬ್ಯಾಕ್‌ಪೋರ್ಟ್ ಕತೆ.

ಹಂತ 4: ವಾಪಸ್ ಬರುವ ದಾರಿ ಮಾಡಿಟ್ಟುಕೊಳ್ಳಿ

ವರ್ಚುವಲ್ ಯಂತ್ರವಾದರೆ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಪೂರ್ತಿ ಪ್ರತಿ, ತೆಗೆಯಿರಿ. ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ನಿಜವಾದ ಯಂತ್ರವಾದರೆ /ಇಟಿಸಿ ಪೂರ್ತಿ ಟಾರ್ ಮಾಡಿ (ಒಂದೇ ಫೈಲಾಗಿ ಕಟ್ಟಿ) ಬೇರೆ ಯಂತ್ರಕ್ಕೆ ಕಳಿಸಿ, ಡೇಟಾಬೇಸ್ ಬ್ಯಾಕಪ್ ತೆಗೆಯಿರಿ. ಜೊತೆಗೆ ಈಗಿರುವ ಲಿಬ್‌ಎಸ್‌ಎಸ್‌ಎಲ್, ಲಿಬ್‌ಕ್ರಿಪ್ಟೊ ಫೈಲುಗಳ ಒಂದು ಪ್ರತಿಯನ್ನು /ರೂಟ್ ಒಳಗೆ ಇಟ್ಟುಕೊಳ್ಳಿ. ಕೊನೆಯಲ್ಲಿ ಇದು ಉಪಯೋಗಕ್ಕೆ ಬರಬಹುದು.

ಹಂತ 5: ಎರಡು ಸೆಷನ್ ತೆರೆದಿಡಿ

ಎರಡು ಎಸ್‌ಎಸ್‌ಎಚ್ ಕಿಟಕಿ ತೆರೆಯಿರಿ. ಎರಡರಲ್ಲೂ ರೂಟ್ ಆಗಿ. ಒಂದರಲ್ಲಿ ಕೆಲಸ, ಇನ್ನೊಂದು ಸುಮ್ನೆ ಇರಲಿ. ಕೆಲಸ ಮಾಡುವ ಕಿಟಕಿಯಲ್ಲಿ ಟೀಮಕ್ಸ್ ಅಥವಾ ಸ್ಕ್ರೀನ್ ಓಡಿಸಿ. ಮಧ್ಯದಲ್ಲಿ ನಿಮ್ಮ ಇಂಟರ್‌ನೆಟ್ ಹೋದರೂ ಸರ್ವರ್‌ನಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ. ಕರೆಂಟ್ ಹೋಗಿ ರೂಟರ್ ಆರಿದ ಕ್ಷಣಕ್ಕೇ ಅಪ್‌ಗ್ರೇಡ್ ಅರ್ಧಕ್ಕೆ ನಿಂತ ಕತೆಗಳಿಗೆ ಕೊರತೆಯಿಲ್ಲ.

ಹಂತ 6: ಮೊದಲು ಬರೀ ಅಣಕು

ಉಬುಂಟು ಮತ್ತು ಡೆಬಿಯನ್‌ನಲ್ಲಿ ಏನೂ ಬದಲಿಸದೆ, ಏನಾಗುತ್ತದೆ ಅಂತ ಮಾತ್ರ ತೋರಿಸುವ ಆಯ್ಕೆ ಇದೆ. ಅದೇ -ಎಸ್. ಮೊದಲು "ಆಪ್ಟ್-ಗೆಟ್ ಅಪ್‌ಡೇಟ್" ಕೊಟ್ಟು ಪಟ್ಟಿ ತಾಜಾ ಮಾಡಿ, ಆಮೇಲೆ:

ಆಪ್ಟ್-ಗೆಟ್ -ಎಸ್ ಇನ್‌ಸ್ಟಾಲ್ --ಓನ್ಲಿ-ಅಪ್‌ಗ್ರೇಡ್ ಓಪನ್‌ಎಸ್‌ಎಸ್‌ಎಲ್ ಲಿಬ್‌ಎಸ್‌ಎಸ್‌ಎಲ್1.1 ಲಿಬ್‌ಎಸ್‌ಎಸ್‌ಎಲ್1.0.0

ಉಬುಂಟು 18.04ರಲ್ಲಿ ಎರಡು ಲೈಬ್ರರಿ ಪ್ಯಾಕೇಜು ಇರುವುದನ್ನು ಗಮನಿಸಿ. "1.0.0 ಹಳೆಯದಲ್ವಾ, ಕಿತ್ತುಹಾಕೋಣ" ಅನ್ನಿಸುತ್ತದೆ. ಕೀಳಬೇಡಿ. ಆ ಬಿಡುಗಡೆಯ ಎಸ್‌ಎಸ್‌ಎಚ್ ನಿಂತಿರುವುದೇ ಅದರ ಮೇಲೆ. ಎರಡನ್ನೂ ಅಪ್‌ಡೇಟ್ ಮಾಡಿ, ಎರಡನ್ನೂ ಉಳಿಸಿಕೊಳ್ಳಿ.

ಸೆಂಟ್‌ಒಎಸ್‌ನಲ್ಲಿ "ಯಮ್ ಅಪ್‌ಡೇಟ್ ಓಪನ್‌ಎಸ್‌ಎಸ್‌ಎಲ್ ಓಪನ್‌ಎಸ್‌ಎಸ್‌ಎಲ್-ಲಿಬ್ಸ್" ಅಂತ ಕೊಡಿ, -ವೈ ಸೇರಿಸಬೇಡಿ. ಪಟ್ಟಿ ತೋರಿಸಿ ನಿಮ್ಮ ಒಪ್ಪಿಗೆಗೆ ಕಾಯುತ್ತದೆ.

ಪಟ್ಟಿಯಲ್ಲಿ ಹುಡುಕಬೇಕಾದ್ದು ಒಂದೇ: ಏನನ್ನಾದರೂ ತೆಗೆದುಹಾಕುತ್ತೇನೆ ಅನ್ನುತ್ತಿದೆಯಾ? "ರಿಮೂವ್" ಎಂಬ ಮಾತು ಕಂಡರೆ ನಿಲ್ಲಿಸಿ. ಒಂದು ಭದ್ರತಾ ಪ್ಯಾಚ್ ಯಾವ ಪ್ಯಾಕೇಜನ್ನೂ ತೆಗೆಯಬೇಕಾಗಿಲ್ಲ. ಯಾರೋ ಹೊರಗಿನ ರೆಪಾಸಿಟರಿ, ಅಂದರೆ ಪ್ಯಾಕೇಜು ಭಂಡಾರ, ಸೇರಿಸಿರಬೇಕು.

ಸೆಂಟ್‌ಒಎಸ್‌ನಲ್ಲಿ "ಪ್ರೊಟೆಕ್ಟೆಡ್ ಮಲ್ಟಿಲಿಬ್" ಎಂಬ ತಪ್ಪು ಬಂದರೆ, 32 ಬಿಟ್ ಮತ್ತು 64 ಬಿಟ್ ಲೈಬ್ರರಿ ಎರಡೂ ಇವೆ, ಅವುಗಳ ಆವೃತ್ತಿ ಹೊಂದುತ್ತಿಲ್ಲ ಎಂದರ್ಥ. ಎರಡನ್ನೂ ಒಟ್ಟಿಗೇ ಅಪ್‌ಡೇಟ್ ಮಾಡಿ. ನೆಟ್‌ನಲ್ಲಿ ಸಿಗುವ "ಈ ತಪಾಸಣೆ ಆಫ್ ಮಾಡಿ" ಎಂಬ ಸಲಹೆ ಬೇಡ.

ಹಂತ 7: ಈಗ ನಿಜವಾಗಿ

ಅದೇ ಕಮಾಂಡ್, -ಎಸ್ ಇಲ್ಲದೆ. ಸೆಂಟ್‌ಒಎಸ್ ಆದರೆ ವೈ ಒತ್ತಿ. ಉಬುಂಟು ಮಧ್ಯದಲ್ಲಿ ಸರ್ವೀಸುಗಳನ್ನು ರಿಸ್ಟಾರ್ಟ್ ಮಾಡಲೇ ಅಂತ ಕೇಳಬಹುದು. ಸಮಯ ಗೊತ್ತುಮಾಡಿಕೊಂಡೇ ಕೂತಿದ್ದೀರಿ, ಹೌದು ಅನ್ನಿ.

ಕೆಲಸ ನಿಂತ ಹಾಗೆ ಕಂಡರೂ ಕಂಟ್ರೋಲ್ ಸಿ ಒತ್ತಬೇಡಿ. ಅರ್ಧಕ್ಕೆ ನಿಂತರೆ ಉಬುಂಟುವಿನಲ್ಲಿ "ಡಿಪಿಕೆಜಿ --ಕಾನ್ಫಿಗರ್ -ಎ", ಸೆಂಟ್‌ಒಎಸ್‌ನಲ್ಲಿ "ಯಮ್-ಕಂಪ್ಲೀಟ್-ಟ್ರಾನ್ಸಾಕ್ಷನ್" ಉಳಿದದ್ದನ್ನು ಮುಗಿಸುತ್ತವೆ. ಎರಡನೆಯದು ಯಮ್-ಯುಟಿಲ್ಸ್ ಪ್ಯಾಕೇಜಿನಲ್ಲಿದೆ.

ಹಂತ 8: ರಿಸ್ಟಾರ್ಟ್. ಇದನ್ನು ಬಿಟ್ಟರೆ ಮಾಡಿದ್ದೆಲ್ಲ ದಂಡ

ಹೊಸ ಫೈಲ್ ಡಿಸ್ಕಿಗೆ ಬಂತು. ಆದರೆ ಆರು ತಿಂಗಳಿಂದ ಓಡುತ್ತಿರುವ ಅಪಾಚೆ ಆರು ತಿಂಗಳ ಹಿಂದೆಯೇ ಹಳೆಯ ಲೈಬ್ರರಿಯನ್ನು ಮೆಮೊರಿಗೆ ಎತ್ತಿಕೊಂಡಿದೆ. ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಫೈಲನ್ನು ಅಳಿಸಿದರೂ, ಹಿಡಿದುಕೊಂಡ ಪ್ರೋಗ್ರಾಂ ಬಿಡುವವರೆಗೆ ಅದು ಬದುಕಿರುತ್ತದೆ. ಅಂದರೆ ಪ್ಯಾಕೇಜ್ ಪಟ್ಟಿಯಲ್ಲಿ ಹೊಸದು, ಓಡುತ್ತಿರುವುದು ಮಾತ್ರ ತೂತಿರುವ ಹಳೆಯದು. ಪಟ್ಟಿಯನ್ನಷ್ಟೇ ನೋಡಿದವರಿಗೆ ಈ ತೂತು ಕಾಣುವುದೇ ಇಲ್ಲ.

ಯಾರು ಹಳೆಯದನ್ನು ಹಿಡಿದಿದ್ದಾರೆ ನೋಡಲು:

ಎಲ್‌ಎಸ್‌ಒಎಫ್ -ಎನ್ | ಗ್ರೆಪ್ ಡಿಇಎಲ್ | ಗ್ರೆಪ್ -ಇ ಲಿಬ್‌ಎಸ್‌ಎಸ್‌ಎಲ್ -ಇ ಲಿಬ್‌ಕ್ರಿಪ್ಟೊ

ಡಿಇಎಲ್ ಮೂರೂ ದೊಡ್ಡ ಅಕ್ಷರ. ಬರುವ ಪ್ರತಿ ಸಾಲೂ ರಿಸ್ಟಾರ್ಟ್ ಆಗಬೇಕಾದ ಒಂದು ಪ್ರೋಗ್ರಾಂ. ಇದೇ ಕೆಲಸಕ್ಕೆ ಉಬುಂಟುವಿನಲ್ಲಿ "ನೀಡ್‌ರಿಸ್ಟಾರ್ಟ್", ಸೆಂಟ್‌ಒಎಸ್‌ನಲ್ಲಿ "ನೀಡ್ಸ್-ರಿಸ್ಟಾರ್ಟಿಂಗ್" ಎಂಬ ಸಾಧನಗಳಿವೆ. ಒಂದೊಂದಾಗಿ "ಸಿಸ್ಟಂಸಿಟಿಎಲ್ ರಿಸ್ಟಾರ್ಟ್" ಕೊಡುತ್ತಾ ಹೋಗಿ. ಎಸ್‌ಎಸ್‌ಎಚ್ ಸರದಿ ಬಂದಾಗ ಮೊದಲು "ಎಸ್‌ಎಸ್‌ಎಚ್‌ಡಿ -ಟಿ" ಓಡಿಸಿ. ಅದು ಏನೂ ಹೇಳದಿದ್ದರೆ ಎಲ್ಲ ಸರಿ ಅಂತ. ಆಮೇಲೆ ರಿಸ್ಟಾರ್ಟ್ ಮಾಡಿದರೂ ಈಗ ತೆರೆದಿರುವ ನಿಮ್ಮ ಕಿಟಕಿಗಳು ಮುಚ್ಚುವುದಿಲ್ಲ.

ನನ್ನ ಸಲಹೆ ಕೇಳುವುದಾದರೆ, ಸಾಧ್ಯವಿದ್ದರೆ ಇಡೀ ಸರ್ವರನ್ನೇ ರೀಬೂಟ್ ಮಾಡಿ. "ನಮ್ಮ ಸರ್ವರ್ 900 ದಿನದಿಂದ ಆಫ್ ಆಗಿಲ್ಲ" ಎನ್ನುವುದು ಹೆಮ್ಮೆಯ ಮಾತಲ್ಲ, ಆ 900 ದಿನದ ಯಾವ ಕರ್ನೆಲ್ ಪ್ಯಾಚೂ ಜಾರಿಗೆ ಬಂದಿಲ್ಲ ಅಂತಲೂ ಇರಬಹುದು. ಆದರೆ ಅಷ್ಟು ದಿನ ಓಡಿದ ಯಂತ್ರವನ್ನು ರೀಬೂಟ್ ಮಾಡುವಾಗ ಕನ್ಸೋಲ್ ಮುಂದೆಯೇ ಕೂತಿರಿ.

ಕೆಲವು ಪ್ರೋಗ್ರಾಂಗಳು ವ್ಯವಸ್ಥೆಯ ಈ ಲೈಬ್ರರಿಯನ್ನು ಬಳಸುವುದೇ ಇಲ್ಲ, ಅವುಗಳ ಬಗ್ಗೆ ಎಚ್ಚರ. ಡಾಕರ್ ಕಂಟೇನರ್ ಅಂದರೆ ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ್ದನ್ನೆಲ್ಲ ಒಟ್ಟಿಗೆ ತುಂಬಿದ ಡಬ್ಬಿ. ಅದರ ಒಳಗೆ ಅದರದೇ ಪ್ರತಿ ಇರುತ್ತದೆ, ಹೊರಗಿನ ಅಪ್‌ಗ್ರೇಡ್ ಅದನ್ನು ಮುಟ್ಟುವುದಿಲ್ಲ, ಇಮೇಜನ್ನೇ ಹೊಸದಾಗಿ ಕಟ್ಟಬೇಕು. ತಯಾರಕರ ತಾಣದಿಂದ ಇಳಿಸಿದ ನೋಡ್ ಜೆಎಸ್ ತನ್ನೊಳಗೇ ಓಪನ್‌ಎಸ್‌ಎಸ್‌ಎಲ್ ಹೊತ್ತು ತರುತ್ತದೆ. ಪಿಪ್ ಎಂಬ ಪೈಥಾನ್ ಸಾಧನದ ಮೂಲಕ ಬರುವ ಕ್ರಿಪ್ಟೋಗ್ರಫಿ ಪ್ಯಾಕೇಜಿನ ವೀಲ್ (ಮೊದಲೇ ಕಟ್ಟಿಟ್ಟ ಫೈಲು) ಕೂಡ ಹಾಗೆಯೇ. ಜಾವಾಗೆ ತನ್ನದೇ ವ್ಯವಸ್ಥೆ ಇದೆ.

ಹಂತ 9: ಪರೀಕ್ಷೆ

ಮೂರನೆಯ ಕಿಟಕಿ ತೆರೆದು ಹೊಸದಾಗಿ ಲಾಗಿನ್ ಆಗಿ ನೋಡಿ. ಅದು ಆಗುವವರೆಗೆ ಹಳೆಯ ಎರಡನ್ನು ಮುಚ್ಚಬೇಡಿ. ನಂತರ ವೆಬ್ ಸರ್ವರ್:

ಓಪನ್‌ಎಸ್‌ಎಸ್‌ಎಲ್ ಎಸ್_ಕ್ಲೈಂಟ್ -ಕನೆಕ್ಟ್ ಲೋಕಲ್‌ಹೋಸ್ಟ್:443 -ಸರ್ವರ್‌ನೇಮ್ (ಇಲ್ಲಿ ನಿಮ್ಮ ಡೊಮೇನ್ ಹೆಸರು)

ಕೊನೆಯಲ್ಲಿ "ವೆರಿಫೈ ರಿಟರ್ನ್ ಕೋಡ್: 0" ಬಂದರೆ ಸರ್ಟಿಫಿಕೇಟ್ ಸರಪಳಿ ಸರಿ. ಮೇಲ್ ಕಳಿಸಿ ನೋಡಿ, ಪೇಮೆಂಟ್ ಗೇಟ್‌ವೇಯಂಥ ಹೊರಗಿನ ಸೇವೆಗೆ ಕರ್ಲ್‌ನಿಂದ ತಟ್ಟಿ ನೋಡಿ.

ಹೊರಗಿನ ಸೇವೆಗೆ ಮಾತ್ರ "ಸರ್ಟಿಫಿಕೇಟ್ ಅವಧಿ ಮುಗಿದಿದೆ" ಅಂತ ಬಂದರೆ ಲೈಬ್ರರಿಯನ್ನು ಬೈಯಬೇಡಿ. ಸಿಎ-ಸರ್ಟಿಫಿಕೇಟ್ಸ್ ಎಂಬ ಪ್ಯಾಕೇಜು ಹಳೆಯದಾಗಿರುತ್ತದೆ. ನಂಬಬಹುದಾದ ಮೂಲ ಸರ್ಟಿಫಿಕೇಟುಗಳ ಪಟ್ಟಿ ಅದು. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಆಸರೆ ಪಡೆದಿದ್ದ ಒಂದು ಹಳೆಯ ಮೂಲ ಸರ್ಟಿಫಿಕೇಟಿನ ಅವಧಿ ಮುಗಿದಾಗ, 1.0.2 ಇದ್ದ ಸರ್ವರ್‌ಗಳು ಹೀಗೇ ಕೈಕೊಟ್ಟವು. ಈ ಪ್ಯಾಕೇಜನ್ನೂ ಜೊತೆಯಲ್ಲೇ ಅಪ್‌ಡೇಟ್ ಮಾಡಿಬಿಡಿ.

ಕೀಲಿ ಬದಲಿಸಬೇಕೇ? ಸಾಮಾನ್ಯವಾಗಿ ಬೇಡ. ಹಾರ್ಟ್‌ಬ್ಲೀಡ್‌ನಂತೆ ಗುಟ್ಟಿನ ಕೀಲಿಯೇ ಸೋರಿರಬಹುದಾದ ದೋಷವಾದರೆ ಮಾತ್ರ ಹೊಸ ಕೀಲಿ, ಹೊಸ ಸರ್ಟಿಫಿಕೇಟ್ ಬೇಕು. ದೋಷದ ವಿವರಣೆಯಲ್ಲಿ ಅದನ್ನು ಹೇಳಿರುತ್ತಾರೆ.

"ನನಗೆ ಹೊಸ ಆವೃತ್ತಿಯೇ ಬೇಕು"

ಕೆಲವೊಮ್ಮೆ ಇದು ನಿಜವಾದ ಅಗತ್ಯ. ಪೈಥಾನ್ 3.10 ಮತ್ತು ಮುಂದಿನವುಗಳಿಗೆ ಓಪನ್‌ಎಸ್‌ಎಸ್‌ಎಲ್ 1.1.1 ಆದರೂ ಬೇಕು. ಗುಟ್ಟಿನ ಸಂಪರ್ಕದ ಹೊಸ ನಿಯಮವಾದ ಟಿಎಲ್‌ಎಸ್ 1.3ಕ್ಕೂ ಅಷ್ಟೇ. ಆಗಲೂ ವ್ಯವಸ್ಥೆಯ ಲೈಬ್ರರಿಯನ್ನು ಮುಟ್ಟಬೇಡಿ, ಪಕ್ಕದಲ್ಲಿ ಇನ್ನೊಂದು ಇಡಿ. ಸೆಂಟ್‌ಒಎಸ್ 7ಕ್ಕೆ ಎಪೆಲ್ ಎಂಬ ಹೆಚ್ಚುವರಿ ಪ್ಯಾಕೇಜು ಭಂಡಾರದಲ್ಲಿ (ಇದೂ 2024ರಲ್ಲಿ ನಿಂತಿದೆ, ಹಳೆಯ ಪ್ಯಾಕೇಜುಗಳು ಅದರ ಆರ್ಕೈವ್‌ನಲ್ಲಿವೆ) ಓಪನ್‌ಎಸ್‌ಎಸ್‌ಎಲ್11 ಎಂಬ ಪ್ಯಾಕೇಜು ಇದೆ, ಹಳೆಯದರ ತಂಟೆಗೆ ಹೋಗದೆ ಜೊತೆಯಲ್ಲಿ ಕೂರುತ್ತದೆ. ಇಲ್ಲವೇ ಆ ಒಂದು ಪ್ರೋಗ್ರಾಂ ಅನ್ನು ಕಂಟೇನರ್‌ಗೆ ಹಾಕಿ. ಸೋರ್ಸ್‌ನಿಂದಲೇ ಕಟ್ಟಬೇಕೆಂದರೆ ಪ್ರಿಫಿಕ್ಸ್ (ಎಲ್ಲಿ ಇಡಬೇಕೆಂಬ ಜಾಗ) ಆಗಿ /ಆಪ್ಟ್ ಒಳಗಿನ ಒಂದು ಫೋಲ್ಡರ್ ಕೊಡಿ. ಆದರೆ ಅಂದಿನಿಂದ ಅದರ ಪ್ರತಿ ಪ್ಯಾಚಿಗೂ ನೀವೇ ಹೊಣೆ, ಯಾವ ಯಮ್ಮೂ ನೆನಪಿಸುವುದಿಲ್ಲ.

ಲಿಬ್‌ಎಸ್‌ಎಸ್‌ಎಲ್.ಎಸ್‌ಒ.10 ಎಂಬ ಹೆಸರಿನ ಕೊಂಡಿಯನ್ನು ಹೊಸ ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1ಕ್ಕೆ ತಿರುಗಿಸುವುದು ನಾನು ಜಾಸ್ತಿ ನೋಡಿದ ತಪ್ಪು. ಹೆಸರಿನ ಕೊನೆಯ ಆ ಸಂಖ್ಯೆ ಇರುವುದೇ ಇವೆರಡೂ ಒಂದಕ್ಕೊಂದು ಹೊಂದುವುದಿಲ್ಲ ಅಂತ ಹೇಳುವುದಕ್ಕೆ. ಇನ್ನು "ಆರ್‌ಪಿಎಂ -ಇ --ನೋಡೆಪ್ಸ್ ಓಪನ್‌ಎಸ್‌ಎಸ್‌ಎಲ್-ಲಿಬ್ಸ್" ಕೊಟ್ಟರೆ ಎಸ್‌ಎಸ್‌ಎಚ್ ಜೊತೆಗೆ ಯಮ್ ಕೂಡ ಸಾಯುತ್ತದೆ. ಮತ್ತೆ ಹಾಕಿಕೊಳ್ಳುವ ಸಾಧನವೇ ಇರುವುದಿಲ್ಲ.

ಆಗಲೇ ಕೆಟ್ಟಿದ್ದರೆ

"ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್" ಅಂತ ಬರುತ್ತಿದೆಯೇ? ಮೊದಲನೆಯದಾಗಿ, ತೆರೆದಿರುವ ರೂಟ್ ಕಿಟಕಿಯನ್ನು ಮುಚ್ಚಬೇಡಿ, ರೀಬೂಟ್ ಮಾಡಬೇಡಿ. ಸಿಪಿ, ಎಂವಿ, ಎಲ್‌ಎಸ್ ಇವಕ್ಕೆ ಓಪನ್‌ಎಸ್‌ಎಸ್‌ಎಲ್ ಬೇಕಿಲ್ಲ, ಅವು ಇನ್ನೂ ಕೆಲಸ ಮಾಡುತ್ತವೆ. ಹಂತ 4ರಲ್ಲಿ /ರೂಟ್ ಒಳಗಿಟ್ಟ ಲಿಬ್‌ಎಸ್‌ಎಸ್‌ಎಲ್, ಲಿಬ್‌ಕ್ರಿಪ್ಟೊ ಪ್ರತಿಗಳನ್ನು ಮೂಲ ಜಾಗಕ್ಕೆ ಸಿಪಿ ಮಾಡಿ, "ಎಲ್‌ಡಿಕಾನ್ಫಿಗ್" ಓಡಿಸಿ. ಯಮ್ ಎದ್ದು ಕೂತರೆ "ಯಮ್ ರೀಇನ್‌ಸ್ಟಾಲ್ ಓಪನ್‌ಎಸ್‌ಎಸ್‌ಎಲ್-ಲಿಬ್ಸ್" ಕೊಟ್ಟು ಪ್ಯಾಕೇಜನ್ನು ಸರಿಯಾಗಿ ಕೂರಿಸಿ.

ಕಿಟಕಿ ಮುಚ್ಚಿಹೋಗಿದ್ದರೆ ಕನ್ಸೋಲ್ ಹಿಡಿಯಿರಿ. ಅಲ್ಲೂ ಲಾಗಿನ್ ಆಗದಿದ್ದರೆ ಅದೇ ಲಿನಕ್ಸ್‌ನ ಇನ್‌ಸ್ಟಾಲ್ ಡಿಸ್ಕ್‌ನಿಂದ ರೆಸ್ಕ್ಯೂ ಮೋಡ್‌ಗೆ ಬೂಟ್ ಮಾಡಿ. ಸೆಂಟ್‌ಒಎಸ್ 7ರಲ್ಲಿ ನಿಮ್ಮ ಹಳೆಯ ವ್ಯವಸ್ಥೆ /ಎಂಎನ್‌ಟಿ/ಸಿಸ್‌ಇಮೇಜ್ ಅಡಿಯಲ್ಲಿ ಸಿಗುತ್ತದೆ. /ರೂಟ್ ಒಳಗಿನ ಪ್ರತಿ ಅಲ್ಲೇ ಇರುತ್ತದೆ, ವಾಪಸ್ ಸಿಪಿ ಮಾಡಿ. ಡಿಸ್ಕ್ ತೆಗೆದು ಬೂಟ್ ಮಾಡಿದ ಮೇಲೆ, ಎಸ್‌ಎಸ್‌ಎಚ್ ಲಾಗಿನ್ ಆಗುವುದನ್ನು ಕಣ್ಣಾರೆ ನೋಡಿಯೇ ಕನ್ಸೋಲ್ ಮುಂದಿನಿಂದ ಏಳಿ.